ಮೋಡದ ಬಾಡಿಗೆ: ಕ್ಲೌಡ್ ಗಣಕದ ಬಿಲ್ಲನ್ನು ಓದುವ ಕ್ರಮ

ಸಂಕ್ರಾಂತಿ ಕಳೆದ ಮರುವಾರ ನಮ್ಮ ವಾಚನಾಲಯದಲ್ಲಿ ನಡೆದ ಒಂದು ಸಂಗತಿಯೇ ಈ ಪಾಠಕ್ಕೆ ಕಾರಣ. ಪ್ರತಿ ಸಂಜೆ ಪತ್ರಿಕೆ ಓದಲು ಬರುವ ತರುಣರೊಬ್ಬರು ಅಂದು ಪತ್ರಿಕೆಯನ್ನು ಮುಂದೆ ಹರಡಿಕೊಂಡು ಓದದೆ ಸುಮ್ಮನೆ ಕುಳಿತಿದ್ದರು. ಇವರೂ ಇವರ ಇಬ್ಬರು ಸ್ನೇಹಿತರೂ ಸೇರಿ ಕೋಡಂಬಾಕ್ಕಂನ ಒಂದು ಮಹಡಿಯ ಕೋಣೆಯಲ್ಲಿ ಚಲನಚಿತ್ರಗಳಿಗೆ ಬೇಕಾದ ಗ್ರಾಫಿಕ್ಸ್ ಕೆಲಸವನ್ನು ಮಾಡುತ್ತಾರೆ. ದೊಡ್ಡ ಯಂತ್ರಗಳನ್ನು ಕೊಳ್ಳುವ ಶಕ್ತಿಯಿಲ್ಲದುದರಿಂದ ಕ್ಲೌಡ್ ಸಂಸ್ಥೆಯೊಂದರಿಂದ ಎರಡು ಯಂತ್ರಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದಿದ್ದರು. ಹಬ್ಬಕ್ಕೆಂದು ಮೂವರೂ ಊರಿಗೆ ಹೋಗಿ ಹತ್ತು ದಿನ ಬಿಟ್ಟು ಬಂದು ನೋಡಿದರೆ, ಖಾತೆಯಲ್ಲಿ ಏರಿ ನಿಂತಿದ್ದ ಬಾಕಿಯು ಅವರು ಆ ತಿಂಗಳು ಮನೆಗೆ ಕಳುಹಿಸಬೇಕೆಂದಿದ್ದ ಹಣವನ್ನು ಮೀರಿತ್ತು.

“ನಾವು ಯಂತ್ರವನ್ನು ಮುಟ್ಟಲೇ ಇಲ್ಲ ಸಾರ್. ಮುಟ್ಟದ ಯಂತ್ರಕ್ಕೆ ಬಾಡಿಗೆ ಎಂದರೆ ಯಾವ ನ್ಯಾಯ?” ಎಂದು ಅವರು ನನ್ನನ್ನು ಕೇಳಿದರು.

ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ಕನ್ನಡಕವನ್ನು ತೆಗೆದು ಕೈಯಲ್ಲಿ ಹಿಡಿದರು. ಇವರು ಹುಡುಗರಾಗಿದ್ದಾಗಲೇ ಸ್ಟುಡಿಯೋ ಸೇರಿ, ಪ್ರೊಡಕ್ಷನ್ ಮ್ಯಾನೇಜರಾಗಿ ನಿವೃತ್ತರಾದವರು.

“ಅದೆಲ್ಲ ಇರಲಿ. ಊರಿಗೆ ಹೋಗೋ ಮುಂಚೆ ಸೆಟ್ಟು ಬಿಚ್ಚಿಸಿದ್ಯೇನಪ್ಪಾ?” ಎಂದರು.

“ಸೆಟ್ಟೇ? ನಮ್ಮದು ಕಂಪ್ಯೂಟರ್ ಕೆಲಸ, ತಾತ.”

“ಎಲ್ಲಾ ಒಂದೇನಪ್ಪಾ. ಷೂಟಿಂಗ್ ಇರಲಿ ಬಿಡಲಿ, ಸೆಟ್ಟು ನಿಂತಿರೋವಷ್ಟು ದಿನ ಫ್ಲೋರಿನ ಬಾಡಿಗೆ ನಡೀತಾನೇ ಇರುತ್ತೆ.”

ಆ ಒಂದು ಮಾತಿನಲ್ಲಿ ಈ ಪಾಠದ ಅರ್ಧ ಅಡಗಿದೆ. ಉಳಿದ ಅರ್ಧವನ್ನು ಕ್ರಮವಾಗಿ ವಿವರಿಸಲು ಇಲ್ಲಿ ಪ್ರಯತ್ನಿಸಿದ್ದೇನೆ. ನಮ್ಮ ಮನೆಗಳ ಮಕ್ಕಳಲ್ಲಿ ಅನೇಕರು ಇಂದು ಇಂಥ ಕೆಲಸಗಳಲ್ಲಿದ್ದಾರೆ. ಅವರ ತಂದೆತಾಯಿಗಳಿಗೂ ಈ ಲೆಕ್ಕದ ಪರಿಚಯವಿರುವುದು ಒಳ್ಳೆಯದು.

1. ಕ್ಲೌಡ್ ಎಂದರೇನು?

ಹೆಸರು ಮೋಡವಾದರೂ ವಸ್ತು ಆಕಾಶದಲ್ಲಿಲ್ಲ, ಭದ್ರವಾದ ಕಟ್ಟಡಗಳಲ್ಲಿದೆ. ಸಾವಿರಾರು ಗಣಕಯಂತ್ರಗಳನ್ನು ಸಾಲಾಗಿ ಜೋಡಿಸಿ, ವಿದ್ಯುತ್ತು, ತಂಪು, ಕಾವಲು ಇವುಗಳನ್ನೆಲ್ಲ ಒದಗಿಸಿ, ದೂರದಲ್ಲಿರುವವರಿಗೆ ಇಂಟರ್‌ನೆಟ್ಟಿನ ಮೂಲಕ ಬಾಡಿಗೆಗೆ ಕೊಡುವ ವ್ಯವಸ್ಥೆಯೇ ಇದು. ಅಮೆಜಾನ್ ಸಂಸ್ಥೆಯು 2006ರ ಮಾರ್ಚಿಯಲ್ಲಿ ಎಸ್‌3 ಎಂಬ ಸಂಗ್ರಹ ಸೇವೆಯನ್ನೂ, ಅದೇ ವರ್ಷದ ಆಗಸ್ಟಿನಲ್ಲಿ ಇಸಿ2 ಎಂಬ ಯಂತ್ರದ ಬಾಡಿಗೆಯನ್ನೂ ಆರಂಭಿಸಿತು. ಅಂದಿನ ದರವು ಯಂತ್ರಕ್ಕೆ ಗಂಟೆಗೆ 10 ಸೆಂಟು, ಸಂಗ್ರಹಕ್ಕೆ ತಿಂಗಳಿಗೆ ಒಂದು ಗಿಗಾಬೈಟಿಗೆ 15 ಸೆಂಟು. ಮೈಕ್ರೋಸಾಫ್ಟ್ ಸಂಸ್ಥೆಯು 2015ರಲ್ಲಿ ಭಾರತದಲ್ಲಿ ತನ್ನ ಅಜೂರ್ ಕೇಂದ್ರಗಳನ್ನು ತೆರೆದಾಗ ಅವುಗಳಲ್ಲಿ ಒಂದನ್ನು ನಮ್ಮ ಚೆನ್ನೈಯಲ್ಲಿಯೇ ಇಟ್ಟಿತು. ಅಮೆಜಾನಿನ ಮುಂಬಯಿ ಕೇಂದ್ರವು 2016ರಲ್ಲಿಯೂ, ಹೈದರಾಬಾದಿನದು 2022ರಲ್ಲಿಯೂ ಕೆಲಸ ಪ್ರಾರಂಭಿಸಿದವು. ಗೂಗಲ್ ಸಂಸ್ಥೆಯದು 2017ರಲ್ಲಿ ಮುಂಬಯಿಗೂ 2021ರಲ್ಲಿ ದೆಹಲಿಗೂ ಬಂದಿತು.

ಕೋಡಂಬಾಕ್ಕಂನಲ್ಲಿ ವಾಸಿಸುವವರಿಗೆ ಇದು ಹೊಸ ಬಗೆಯ ವ್ಯಾಪಾರವೇನೂ ಅಲ್ಲ. ಡಾ. ರಾಜ್‌ಕುಮಾರರು ಮೊದಲು ನಾಯಕರಾಗಿ ಕಾಣಿಸಿಕೊಂಡ ‘ಬೇಡರ ಕಣ್ಣಪ್ಪ’ ಚಿತ್ರವು 1954ರಲ್ಲಿ ತೆರೆಕಂಡಿತು. ಆ ಕಾಲದಿಂದ ಮುಂದೆ ಎಷ್ಟೋ ವರ್ಷ ಕನ್ನಡ ಚಿತ್ರಗಳ ಬಹುಭಾಗವು ಮದರಾಸಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿತ್ತು. ಕನ್ನಡ ನಿರ್ಮಾಪಕರಲ್ಲಿ ಬಹುಮಂದಿ ಇಲ್ಲಿ ಸ್ಟುಡಿಯೋ ಕಟ್ಟಲಿಲ್ಲ. ಕಟ್ಟಿದವರಿಂದ ಫ್ಲೋರನ್ನು ಕಾಲ್‌ಷೀಟಿನ ಲೆಕ್ಕದಲ್ಲಿ ಬಾಡಿಗೆಗೆ ಪಡೆದು, ಚಿತ್ರ ಮುಗಿಸಿ, ಡಬ್ಬಿಗಳನ್ನು ಹೊತ್ತು ಬೆಂಗಳೂರಿಗೆ ಹೋಗುತ್ತಿದ್ದರು. ಕ್ಲೌಡ್ ಗಿರಾಕಿಯೂ ಹಾಗೆಯೇ. ಆತನು ಯಂತ್ರವನ್ನು ಕೊಳ್ಳುವುದಿಲ್ಲ. ಯಂತ್ರದ ಕಾಲವನ್ನು ಕೊಳ್ಳುತ್ತಾನೆ.

2. ಕಾಲದ ಅಳತೆ

ಬಿಲ್ಲಿನ ಮೊದಲ ಬಾಬು ಯಂತ್ರದ ಕಾಲ. ಹಿಂದೆ ಒಂದು ಗಂಟೆಯ ಐದೇ ನಿಮಿಷ ಬಳಸಿದರೂ ಪೂರ್ತಿ ಗಂಟೆಯ ಹಣವನ್ನು ತೆಗೆದುಕೊಳ್ಳುತ್ತಿದ್ದರು. 2017ರ ಅಕ್ಟೋಬರಿನಿಂದ ಅಮೆಜಾನ್ ಲಿನಕ್ಸ್ ಯಂತ್ರಗಳಿಗೆ ಸೆಕೆಂಡಿನ ಲೆಕ್ಕವನ್ನು ಜಾರಿಗೆ ತಂದಿತು. ಅದರಲ್ಲಿ ಕನಿಷ್ಠ 60 ಸೆಕೆಂಡು. ಸಣ್ಣ ಸಣ್ಣ ಕೆಲಸಗಳನ್ನು ಮಾತ್ರ ಮಾಡಿ ಮುಗಿಸುವ ಲ್ಯಾಂಬ್ಡಾ ಎಂಬ ಸೇವೆಯಲ್ಲಿ 2020ರ ಡಿಸೆಂಬರಿನಿಂದ ಸೆಕೆಂಡಿನ ಸಾವಿರದಲ್ಲೊಂದು ಭಾಗವೇ ಅಳತೆಯಾಗಿದೆ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದು ಒಂದಿದೆ. ಲೆಕ್ಕವು ನಾವು ಕೆಲಸ ಮಾಡಿದ ಕಾಲಕ್ಕಲ್ಲ, ಯಂತ್ರವು ನಮ್ಮ ಹೆಸರಿನಲ್ಲಿ ನಿಂತಿದ್ದ ಕಾಲಕ್ಕೆ. ಮೇಜಿನ ಮೇಲಿನ ಲ್ಯಾಪ್‌ಟಾಪನ್ನು ಮುಚ್ಚಿದರೆ ದೂರದ ಯಂತ್ರವು ನಿಲ್ಲುವುದಿಲ್ಲ. ಅಜೂರಿನಲ್ಲಂತೂ ಯಂತ್ರವನ್ನು ಅದರ ಒಳಗಿನಿಂದ ಆರಿಸಿದರೂ ಸಾಲದು. ಖಾತೆಯ ಪುಟಕ್ಕೆ ಹೋಗಿ ಯಂತ್ರವನ್ನು ಬಿಟ್ಟುಕೊಟ್ಟ ಮೇಲೆಯೇ ಬಾಡಿಗೆ ನಿಲ್ಲುತ್ತದೆ. ದೀಪ ಆರಿಸಿ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಹೋದರೆ ಕೋಣೆಯು ನಮ್ಮದಾಗಿಯೇ ಉಳಿದಂತೆ. ಕೀಲಿಯನ್ನು ಮಾಲೀಕನ ಕೈಗೆ ಕೊಡಬೇಕು.

ನಮ್ಮ ತರುಣರ ವಿಷಯದಲ್ಲಿ ಆದದ್ದು ಇಷ್ಟೇ. ಹತ್ತು ದಿನವೆಂದರೆ 240 ಗಂಟೆ. ಎರಡು ಯಂತ್ರಗಳಿಗೆ 480 ಗಂಟೆ. ಲ್ಯಾಪ್‌ಟಾಪು ಮುಚ್ಚಿತ್ತು, ಸೆಟ್ಟು ಮಾತ್ರ ನಿಂತೇ ಇತ್ತು.

3. ಸಂಗ್ರಹದ ಅಳತೆ

ಎರಡನೆಯ ಬಾಬು ಸಂಗ್ರಹ. ಇದರ ಮಾನವು “ಗಿಗಾಬೈಟ್ ತಿಂಗಳು”. ಪದ ವಿಚಿತ್ರವೆನಿಸಿದರೂ ಲೆಕ್ಕವು ಹಾಲಿನವನ ಕ್ಯಾಲೆಂಡರಿನಂತೆ ಸರಳ. ದಿನಕ್ಕೆಷ್ಟು ಎಂಬುದನ್ನು ಗುರುತು ಹಾಕುತ್ತಾ ಹೋಗಿ ಕೊನೆಗೆ ಕೂಡಿಸುತ್ತೇವಲ್ಲವೆ? ಹಾಗೆಯೇ 300 ಗಿಗಾಬೈಟ್ ಸಾಮಗ್ರಿಯನ್ನು 30 ದಿನದ ತಿಂಗಳಲ್ಲಿ 10 ದಿನ ಮಾತ್ರ ಇಟ್ಟರೆ ಅದು 100 ಗಿಗಾಬೈಟ್ ತಿಂಗಳಾಗುತ್ತದೆ.

ಸಂಗ್ರಹದಲ್ಲಿ ಹಲವು ದರ್ಜೆಗಳುಂಟು. ಯಂತ್ರಕ್ಕೆ ತಗುಲಿಸಿದ ಡಿಸ್ಕು ದುಬಾರಿ. ಯಂತ್ರವನ್ನು ನಿಲ್ಲಿಸಿದರೂ ಡಿಸ್ಕಿನ ಬಾಡಿಗೆ ನಿಲ್ಲುವುದಿಲ್ಲವೆಂಬುದನ್ನು ಮರೆಯಬಾರದು. ಅದರಲ್ಲಿ ಎಷ್ಟು ತುಂಬಿದ್ದೇವೆಂಬುದನ್ನು ನೋಡುವುದಿಲ್ಲ. ಎಷ್ಟು ಜಾಗ ಹಿಡಿದಿದ್ದೇವೆಂಬುದೇ ಲೆಕ್ಕ. ಸಾಮಾನ್ಯ ಉಗ್ರಾಣವು ಅದಕ್ಕಿಂತ ಅಗ್ಗ. ಇಲ್ಲಿ ಇಟ್ಟಷ್ಟಕ್ಕೆ ಮಾತ್ರ ಹಣ. ಎಲ್ಲಕ್ಕಿಂತ ಅಗ್ಗವಾದುದು ಆಳದ ಉಗ್ರಾಣ. ಅಮೆಜಾನ್ 2019ರಲ್ಲಿ ಆರಂಭಿಸಿದ ಗ್ಲೇಸಿಯರ್ ಡೀಪ್ ಆರ್ಕೈವ್ ಈ ಬಗೆಯದು. ಆದರೆ ಅಲ್ಲಿಂದ ವಸ್ತುವನ್ನು ಮರಳಿ ತರಿಸಲು 12 ಗಂಟೆಯವರೆಗೆ ಕಾಯಬೇಕಾಗುತ್ತದೆ, ತರಿಸುವುದಕ್ಕೆ ಬೇರೆ ದರವುಂಟು, ಮತ್ತು 180 ದಿನಕ್ಕೆ ಮೊದಲೇ ಅಳಿಸಿಹಾಕಿದರೂ 180 ದಿನದ ಹಣವನ್ನು ತೆರಲೇಬೇಕು. ಮತ್ತೆ ಮತ್ತೆ ಬೇಕಾಗುವ ಪಾತ್ರೆಯನ್ನು ಅಟ್ಟದ ಮೇಲೆ ಇಡುವ ಗೃಹಿಣಿ ಯಾರೂ ಇಲ್ಲ.

4. ಹೊರಸಾಗಣೆಯ ಸುಂಕ

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ. ನಮ್ಮ ಸಾಮಗ್ರಿಯನ್ನು ಇಂಟರ್‌ನೆಟ್ಟಿನಿಂದ ಕ್ಲೌಡಿನೊಳಗೆ ಹಾಕಲು ಸಾಮಾನ್ಯವಾಗಿ ಹಣವಿಲ್ಲ. ಹೊರಗೆ ತರಲು ಮಾತ್ರ ಗಿಗಾಬೈಟಿಗೆ ಇಷ್ಟೆಂದು ಸುಂಕ. ಹಳೆಯ ಊರುಗಳಲ್ಲಿ ಸಾಮಾನು ಒಳಗೆ ಬರುವಾಗ ಸುಂಕದ ಕಟ್ಟೆಯಲ್ಲಿ ಗಾಡಿ ನಿಲ್ಲಿಸುತ್ತಿದ್ದರು. ಈ ಊರಿನಲ್ಲಿ ಅದು ತಲೆಕೆಳಗು. ಅಮೆಜಾನಿನಲ್ಲಿ 2021ರ ಡಿಸೆಂಬರಿನಿಂದ ತಿಂಗಳಿಗೆ ಮೊದಲ 100 ಗಿಗಾಬೈಟ್ ಹೊರಸಾಗಣೆಯು ಉಚಿತವಾಗಿದೆ, ಆಮೇಲಿನದಕ್ಕೆ ಹಣ.

ಈ ಸುಂಕದಿಂದಾಗಿ ಗಿರಾಕಿಯು ಒಂದು ಸಂಸ್ಥೆಯನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದೇ ಕಷ್ಟವೆಂಬ ಆಕ್ಷೇಪಣೆಯು ಬಹುಕಾಲದಿಂದ ಇತ್ತು. ಯುರೋಪಿನಲ್ಲಿ ಈ ಬಗ್ಗೆ ಕಾನೂನು ಬಂದ ಮೇಲೆ, 2024ರ ಜನವರಿಯಲ್ಲಿ ಗೂಗಲ್ಲೂ, ಮಾರ್ಚಿಯಲ್ಲಿ ಅಮೆಜಾನ್ ಮತ್ತು ಮೈಕ್ರೋಸಾಫ್ಟ್‌ಗಳೂ, ಪೂರ್ತಿಯಾಗಿ ಬಿಟ್ಟುಹೋಗುವ ಗಿರಾಕಿಗಳು ಕೇಳಿಕೊಂಡರೆ ಹೊರಸಾಗಣೆಯ ಸುಂಕವನ್ನು ಮನ್ನಾ ಮಾಡುವುದಾಗಿ ಪ್ರಕಟಿಸಿದವು. ದಿನನಿತ್ಯದ ಹೊರಸಾಗಣೆಗೆ ಈ ರಿಯಾಯಿತಿ ಇಲ್ಲ.

5. ಚಿಲ್ಲರೆ ಬಾಬುಗಳು

ಉಗ್ರಾಣದಿಂದ ಒಂದು ವಸ್ತುವನ್ನು ಕೇಳಿದರೂ, ಇಟ್ಟರೂ, ಅದೊಂದು “ಕೋರಿಕೆ” ಎಂದು ಎಣಿಸಲ್ಪಡುತ್ತದೆ. ಸಾವಿರ ಕೋರಿಕೆಗೆ ಕೆಲವು ಪೈಸೆಗಳು ಮಾತ್ರ. ಆದರೆ ಹನಿಗೂಡಿದರೆ ಹಳ್ಳ. 2024ರಲ್ಲಿ ಒಬ್ಬ ತಂತ್ರಜ್ಞರು ಪರೀಕ್ಷೆಗೆಂದು ಅಮೆಜಾನಿನಲ್ಲಿ ಒಂದು ಬರಿದಾದ ಖಾಸಗಿ ಉಗ್ರಾಣವನ್ನು ತೆರೆದರು. ಅದಕ್ಕಿಟ್ಟ ಹೆಸರನ್ನೇ ಬೇರೊಂದು ತಂತ್ರಾಂಶವು ಮಾದರಿ ಹೆಸರಾಗಿ ಬಳಸುತ್ತಿದ್ದುದರಿಂದ ಒಂದೇ ದಿನದಲ್ಲಿ ಸುಮಾರು ಹತ್ತು ಕೋಟಿ ಅಪರಿಚಿತ ಕೋರಿಕೆಗಳು ಬಂದು ಬಡಿದವು. ಬಾಗಿಲು ತೆರೆಯಲಿಲ್ಲವಾದರೂ ಬಿಲ್ಲು 1,300 ಡಾಲರನ್ನು ಮೀರಿತು. ಈ ವಿಷಯ ಬಹಿರಂಗವಾದ ಮೇಲೆ ಅದೇ ವರ್ಷ ಮೇ ತಿಂಗಳಲ್ಲಿ, ಇಂಥ ಅನಧಿಕೃತ ಕೋರಿಕೆಗಳಿಗೆ ಗಿರಾಕಿಯು ಹಣ ತೆರಬೇಕಾಗಿಲ್ಲವೆಂದು ಸಂಸ್ಥೆಯು ನಿಯಮವನ್ನು ಬದಲಾಯಿಸಿತು. ಸವಿವರವಾಗಿ ಬರೆದ ಒಂದು ದೂರಿನಿಂದ ಲಕ್ಷಾಂತರ ಮಂದಿಗೆ ಉಪಕಾರವಾಯಿತೆಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ.

ಯಂತ್ರಕ್ಕೆ ಇಂಟರ್‌ನೆಟ್ಟಿನಲ್ಲಿ ಒಂದು ವಿಳಾಸ ಬೇಕು. ಹಳೆಯ ಮಾದರಿಯ ವಿಳಾಸಗಳು ವಿರಳವಾದುದರಿಂದ 2024ರ ಫೆಬ್ರವರಿಯಿಂದ ಅಮೆಜಾನ್ ಪ್ರತಿಯೊಂದು ವಿಳಾಸಕ್ಕೂ ಗಂಟೆಗೆ ಅರ್ಧ ಸೆಂಟು ತೆಗೆದುಕೊಳ್ಳುತ್ತದೆ. ಅರ್ಧ ಸೆಂಟು ಏನೂ ಅಲ್ಲ. ಆದರೆ 720 ಗಂಟೆಯ ತಿಂಗಳಿಗೆ 3 ಡಾಲರು 60 ಸೆಂಟು.

6. ಒಂದು ತಿಂಗಳ ಬಿಲ್ಲು

ಈಗ ಒಂದು ಲೆಕ್ಕವನ್ನು ಮಾಡಿ ನೋಡೋಣ. ಕೆಳಗಿನ ದರಗಳು ಪಾಠಕ್ಕಾಗಿ ಕಲ್ಪಿಸಿಕೊಂಡವು. ನಿಜವಾದ ದರವನ್ನು ಆಯಾ ಸಂಸ್ಥೆಯ ದರಪಟ್ಟಿಯಲ್ಲಿ ನೋಡಿಕೊಳ್ಳಬೇಕು. ಒಂದು ಸಣ್ಣ ಸಂಕಲನ ಕೋಣೆಯು 30 ದಿನದ ತಿಂಗಳಲ್ಲಿ ಹೀಗೆ ಬಳಸಿತೆಂದು ಇಟ್ಟುಕೊಳ್ಳಿ:

ಯಂತ್ರ: ದಿನಕ್ಕೆ 6 ಗಂಟೆಯಂತೆ 22 ದಿನ, 132 ಗಂಟೆ, ಗಂಟೆಗೆ 80 ರೂ. — 10,560 ರೂ.
ಡಿಸ್ಕು: 500 ಗಿಗಾಬೈಟ್, ಒಂದಕ್ಕೆ 8 ರೂ. — 4,000 ರೂ.
ಉಗ್ರಾಣ: 2,000 ಗಿಗಾಬೈಟ್, ಒಂದಕ್ಕೆ 2 ರೂ. — 4,000 ರೂ.
ಹೊರಸಾಗಣೆ: 600 ಗಿಗಾಬೈಟಿನಲ್ಲಿ 100 ಉಚಿತ, ಉಳಿದ 500ಕ್ಕೆ 9 ರೂ.ನಂತೆ — 4,500 ರೂ.
ಕೋರಿಕೆ: 10 ಲಕ್ಷ, ಸಾವಿರಕ್ಕೆ 40 ಪೈಸೆ — 400 ರೂ.
ವಿಳಾಸ: 720 ಗಂಟೆ, ಗಂಟೆಗೆ 40 ಪೈಸೆ — 288 ರೂ.
ಮೊತ್ತ — 23,748 ರೂ.
ಶೇಕಡಾ 18ರಂತೆ ಜಿ.ಎಸ್.ಟಿ. — 4,274 ರೂ. 64 ಪೈಸೆ
ಒಟ್ಟು — 28,022 ರೂ. 64 ಪೈಸೆ

ಇದರಿಂದ ಎರಡು ವಿಷಯಗಳು ತಿಳಿಯುತ್ತವೆ. ಮೊದಲನೆಯದು, ಎಲ್ಲರೂ ವಿಚಾರಿಸುವುದು ಯಂತ್ರದ ಗಂಟೆಯ ದರವನ್ನು. ಆದರೆ ಅದು ಮೊತ್ತದಲ್ಲಿ ಅರ್ಧಕ್ಕಿಂತ ಕಡಿಮೆ. ಎರಡನೆಯದು, ಅದೇ ಯಂತ್ರವನ್ನು ರಾತ್ರಿ, ರಜಾ ಎನ್ನದೆ ತಿಂಗಳಿಡೀ ಬಿಟ್ಟರೆ 720 ಗಂಟೆಗೆ 57,600 ರೂ. ಆಗಿ, ತೆರಿಗೆಯೂ ಸೇರಿ ಬಿಲ್ಲು 83,529 ರೂ. 84 ಪೈಸೆಗೆ ಏರುತ್ತದೆ. ಮಾಡಿದ ಕೆಲಸ ಮಾತ್ರ ಅಷ್ಟೇ!

ತೆರಿಗೆಯ ವಿಷಯದಲ್ಲಿ ಒಂದು ಮಾತು. ಜಿ.ಎಸ್.ಟಿ. ನೋಂದಣಿಯುಳ್ಳವರು ತಮ್ಮ ಸಂಖ್ಯೆಯನ್ನು ಖಾತೆಯಲ್ಲಿ ನಮೂದಿಸಿದರೆ, ನಿಯಮಗಳಿಗೊಳಪಟ್ಟು ಆ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ನೋಂದಣಿಯಿಲ್ಲದವರಿಗೆ ಅದು ಖರ್ಚೇ. ದರಪಟ್ಟಿಯು ಡಾಲರಿನಲ್ಲಿದ್ದು ಬಿಲ್ಲು ರೂಪಾಯಿಯಲ್ಲಿ ಬರುವ ಕಡೆ, ಬಳಕೆ ಬದಲಾಗದಿದ್ದರೂ ವಿನಿಮಯದ ದರದಿಂದ ಮೊತ್ತವು ಏರಿಳಿಯುವುದುಂಟು.

7. ಮೂರು ಬಗೆಯ ಬಾಡಿಗೆ

ಬೇಕಾದಾಗ ಪಡೆದು ಬೇಡವಾದಾಗ ಬಿಡುವುದು ಮೊದಲ ಬಗೆ. ಇದರ ದರವೇ ಹೆಚ್ಚು. ಒಂದು ಅಥವಾ ಮೂರು ವರ್ಷ ಹಿಡಿಯುತ್ತೇನೆಂದು ಮಾತು ಕೊಡುವುದು ಎರಡನೆಯ ಬಗೆ. ಇದರಲ್ಲಿ ಶೇಕಡಾ 72ರವರೆಗೂ ರಿಯಾಯಿತಿ ದೊರೆಯಬಹುದೆಂದು ಅಮೆಜಾನ್ ಹೇಳುತ್ತದೆ; ಆದರೆ ಬಳಸಲಿ ಬಿಡಲಿ ಕೊಟ್ಟ ಮಾತಿನಂತೆ ಹಣ ಕಟ್ಟಲೇಬೇಕು. ಮೂರನೆಯದು ಖಾಲಿ ಬಿದ್ದ ಯಂತ್ರವನ್ನು ಅಗ್ಗಕ್ಕೆ ಪಡೆಯುವುದು. ಇದರಲ್ಲಿ ಶೇಕಡಾ 90ರವರೆಗೂ ಉಳಿತಾಯವಾಗಬಹುದು. ಆದರೆ ಸಂಸ್ಥೆಗೆ ಯಂತ್ರವು ಬೇಕಾದಾಗ ಎರಡೇ ನಿಮಿಷದ ಸೂಚನೆ ಕೊಟ್ಟು ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಚಿತ್ರದ ಚೌಕಟ್ಟುಗಳನ್ನು ಒಂದೊಂದಾಗಿ ತಯಾರಿಸುವ ಕೆಲಸಕ್ಕೆ ಇದು ಒಪ್ಪುತ್ತದೆ; ನಿಂತರೆ ಒಂದು ಚೌಕಟ್ಟು ಹೋದೀತು, ಅಷ್ಟೆ. ಗಿರಾಕಿಯು ಎದುರಿಗೆ ಕುಳಿತಿರುವಾಗ ಇದನ್ನು ನಂಬಬಾರದು.

ವಿದ್ಯುತ್ತಿನ ಬಿಲ್ಲಿಗೂ ಇದಕ್ಕೂ ಒಂದು ವ್ಯತ್ಯಾಸವುಂಟು. ತಮಿಳುನಾಡಿನಲ್ಲಿ ಮನೆಯ ವಿದ್ಯುತ್ತಿಗೆ ಎರಡು ತಿಂಗಳಿಗೊಮ್ಮೆ ಲೆಕ್ಕ. 2016ರಲ್ಲಿ ಮೊದಲ 100 ಯೂನಿಟ್ ಉಚಿತವಾಯಿತು. ಬಳಕೆ ಹೆಚ್ಚಿದಂತೆ ಯೂನಿಟ್ಟಿನ ದರವೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕ್ಲೌಡಿನಲ್ಲಿ ಉಗ್ರಾಣ, ಹೊರಸಾಗಣೆ ಮೊದಲಾದವುಗಳ ಮೆಟ್ಟಿಲು ಇಳಿಯುತ್ತದೆ. ಹೆಚ್ಚು ಬಳಸಿದವನಿಗೆ ಅಗ್ಗ. ಮಿತವ್ಯಯವನ್ನು ಬಿಲ್ಲು ಕಲಿಸುವುದಿಲ್ಲ; ನಾವೇ ಕಲಿತುಕೊಳ್ಳಬೇಕು.

8. ಎಚ್ಚರದ ಕ್ರಮಗಳು

ಮೊದಲನೆಯದಾಗಿ, ಖಾತೆ ತೆರೆದ ದಿನವೇ ಖರ್ಚಿನ ಮಿತಿಯನ್ನು ನಮೂದಿಸಿ, ಅದರ ಅರ್ಧಕ್ಕೆ ಒಂದು, ಮುಕ್ಕಾಲಿಗೆ ಒಂದು ಎಚ್ಚರಿಕೆ ಬರುವಂತೆ ಮಾಡಬೇಕು. ಆದರೆ ಎಚ್ಚರಿಕೆಯು ಕಾವಲುಗಾರನ ಸೀಟಿಯೇ ಹೊರತು ಬೀಗವಲ್ಲ. ಬೇರೆ ಏರ್ಪಾಡು ಮಾಡದಿದ್ದರೆ ಯಂತ್ರವು ತಾನಾಗಿ ನಿಲ್ಲುವುದಿಲ್ಲ. ಸೀಟಿಯೂ ಹಲವು ಗಂಟೆ ತಡವಾಗಿ ಕೇಳಿಸಬಹುದು.

ಎರಡನೆಯದಾಗಿ, ಪ್ರತಿಯೊಂದು ಯಂತ್ರಕ್ಕೂ ಡಿಸ್ಕಿಗೂ ಯಾವ ಚಿತ್ರದ ಕೆಲಸ, ಯಾರ ಹೊಣೆ ಎಂಬ ಚೀಟಿಯನ್ನು ಅಂಟಿಸಬೇಕು. ಲ್ಯಾಬಿನಲ್ಲಿ ಹೆಸರಿಲ್ಲದ ಡಬ್ಬಿಯನ್ನು ಎಸೆಯಲು ಯಾರಿಗೂ ಧೈರ್ಯ ಬಾರದು. ಚೀಟಿಯಿಲ್ಲದ ಡಿಸ್ಕೂ ಹಾಗೆಯೇ ವರ್ಷಗಟ್ಟಲೆ ಬಾಡಿಗೆ ತಿನ್ನುತ್ತದೆ.

ಮೂರನೆಯದಾಗಿ, ಮುಂಬಯಿಯ ಪುಟವನ್ನು ನೋಡುತ್ತಿರುವಾಗ ಹೈದರಾಬಾದಿನಲ್ಲಿ ತೆರೆದಿಟ್ಟ ಯಂತ್ರವು ಕಣ್ಣಿಗೆ ಬೀಳದಿರಬಹುದು. ಎಲ್ಲ ಕೇಂದ್ರಗಳನ್ನೂ ಬಿಲ್ಲಿನ ಪುಟದಲ್ಲಿ ವಾರಕ್ಕೊಮ್ಮೆ ನೋಡಬೇಕು.

ನಾಲ್ಕನೆಯದಾಗಿ, ಖಾತೆಯ ಗುಪ್ತ ಕೀಲಿಯನ್ನು ಸಾರ್ವಜನಿಕ ಕಡತದಲ್ಲಿ ಬರೆದಿಡಬಾರದು. ಕದ್ದವರು ನಮ್ಮ ಹೆಸರಿನಲ್ಲಿ ದೊಡ್ಡ ಯಂತ್ರಗಳನ್ನು ಓಡಿಸುತ್ತಾರೆ; ಹಣ ಅವರದು, ಬಿಲ್ಲು ನಮ್ಮದು.

ಐದನೆಯದಾಗಿ, ತಪ್ಪಾಗಿದ್ದರೆ ಮುಚ್ಚಿಡದೆ, ನಡೆದುದನ್ನು ತಾರೀಖು ಸಮೇತ ಬರೆದು ಸಂಸ್ಥೆಗೆ ಆ ದಿನವೇ ತಿಳಿಸಬೇಕು. ನಮ್ಮ ತರುಣರು ಹಾಗೆ ಮಾಡಿದುದರಿಂದ ಬಾಕಿಯ ಒಂದು ಭಾಗವು ಮನ್ನಾ ಆಯಿತು. ಉಳಿದುದನ್ನು ಮೂವರೂ ಮೂರು ತಿಂಗಳಲ್ಲಿ ತೀರಿಸಿದರು. ಕೋಣೆಯನ್ನು ಮುಚ್ಚಬೇಕೆಂದಿದ್ದವರು ಮುಚ್ಚಲಿಲ್ಲ. ಈಗ ಅವರ ಕೋಣೆಯ ಬಾಗಿಲ ಒಳಮೈಯಲ್ಲಿ “ಸೆಟ್ಟು ಬಿಚ್ಚಿಸಿದೆಯಾ?” ಎಂದು ಬರೆದ ಒಂದು ಕಾಗದವಿದೆ.

9. ನಮ್ಮ ವಾಚನಾಲಯದ ಪ್ರಶ್ನೆ

ಈ ಪಾಠವು ನಮಗೂ ಅನ್ವಯಿಸುತ್ತದೆ. ವಾಚನಾಲಯದ ಹಳೆಯ ಸಂಚಿಕೆಗಳು ಪುಡಿಯಾಗುತ್ತಿವೆ. ಅವುಗಳ ಚಿತ್ರ ತೆಗೆದು ಕ್ಲೌಡಿನಲ್ಲಿಡಬೇಕೆಂದು ಕೆಲವು ಸದಸ್ಯರು ಸೂಚಿಸಿದ್ದಾರೆ. ಚಿತ್ರಗಳೆಲ್ಲ 300 ಗಿಗಾಬೈಟ್ ಆಗುವುದೆಂದು ಇಟ್ಟುಕೊಳ್ಳೋಣ. ಸಾಮಾನ್ಯ ಉಗ್ರಾಣದಲ್ಲಿ ಮೇಲಿನ ದರದಂತೆ ತಿಂಗಳಿಗೆ 600 ರೂ. ಅದರ ಬದಲು, ಮೂಲಚಿತ್ರಗಳನ್ನು ಆಳದ ಉಗ್ರಾಣದಲ್ಲಿ ಗಿಗಾಬೈಟಿಗೆ 10 ಪೈಸೆಯಂತೆ ಇಟ್ಟರೆ 30 ರೂ.; ಓದುವುದಕ್ಕೆ ಸಾಕಾಗುವ 20 ಗಿಗಾಬೈಟ್ ಸಣ್ಣ ಪ್ರತಿಗಳನ್ನು ಸಾಮಾನ್ಯ ಉಗ್ರಾಣದಲ್ಲಿಟ್ಟರೆ 40 ರೂ. ಎರಡೂ ಸೇರಿ 70 ರೂ.; ತೆರಿಗೆಯೊಡನೆ 82 ರೂ. 60 ಪೈಸೆ, ವರ್ಷಕ್ಕೆ 991 ರೂ. 20 ಪೈಸೆ. ಜೊತೆಗೆ ಒಂದು ಪ್ರತಿಯು ನಮ್ಮ ಬೀರುವಿನ ಡಿಸ್ಕಿನಲ್ಲಿಯೂ ಇರಲೇಬೇಕು. ಬಿಲ್ಲು ಕಟ್ಟುವವರು ಒಂದು ವರ್ಷ ಮರೆತರೆ ಐವತ್ತು ವರ್ಷದ ಸಂಚಿಕೆಗಳು ಹೋದಾವು.

ಇನ್ನೊಂದು ಯೋಚನೆಯೂ ಇದೆ. ಓದುಗರು ಹೆಚ್ಚಿದಂತೆ ಹೊರಸಾಗಣೆಯ ಸುಂಕವೂ ಹೆಚ್ಚುತ್ತದೆ. ನಮ್ಮದು ಉಚಿತ ವಾಚನಾಲಯ. ಉಚಿತವೆಂದರೆ ಓದುವವರಿಗೆ ಉಚಿತ. ದೀಪಕ್ಕೂ ಪತ್ರಿಕೆಗೂ ಯಾರೋ ಕೊಡುತ್ತಲೇ ಬಂದಿದ್ದಾರೆ. ಕ್ಲೌಡ್ ಸಂಸ್ಥೆಗಳು ಹೊಸ ಖಾತೆಗೆ ಕೊಡುವ ಉಚಿತವೂ ಅವಧಿಗೋ ಮಿತಿಗೋ ಒಳಪಟ್ಟದ್ದು. ಆದುದರಿಂದ ಕೊಡುವವರು ಯಾರು, ಎಲ್ಲಿಯವರೆಗೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡು ಕಾರ್ಯಕಾರಿ ಸಮಿತಿಯು ತೀರ್ಮಾನಿಸುವುದು ಯುಕ್ತ.

ಅಭ್ಯಾಸ

(1) 600 ಗಿಗಾಬೈಟ್ ಸಾಮಗ್ರಿಯನ್ನು 30 ದಿನದ ತಿಂಗಳಲ್ಲಿ 15 ದಿನ ಉಗ್ರಾಣದಲ್ಲಿಟ್ಟರೆ ಎಷ್ಟು ಗಿಗಾಬೈಟ್ ತಿಂಗಳು?

(2) 500 ಓದುಗರು ಒಂದು ತಿಂಗಳಲ್ಲಿ ತಲಾ ಒಂದು ಗಿಗಾಬೈಟಿನಷ್ಟು ಸಂಚಿಕೆಗಳನ್ನು ಇಳಿಸಿಕೊಂಡರೆ, ಮೇಲಿನ ದರದಂತೆ ತೆರಿಗೆಯಲ್ಲದೆ ಹೊರಸಾಗಣೆಗೆ ಎಷ್ಟು ಹಣ?

(3) ಯಂತ್ರವನ್ನು ಬಿಟ್ಟುಕೊಟ್ಟ ಮೇಲೂ ಬಿಲ್ಲು ಬರುತ್ತಿದ್ದರೆ ಯಾವ ಎರಡು ಬಾಬುಗಳನ್ನು ಮೊದಲು ನೋಡಬೇಕು?

ಉತ್ತರಗಳು: (1) 300. (2) 3,600 ರೂ. (3) ಡಿಸ್ಕು ಮತ್ತು ವಿಳಾಸ.

ಸಂದೇಹವುಳ್ಳವರು ತಮ್ಮ ಬಿಲ್ಲನ್ನು ತೆಗೆದುಕೊಂಡು ಸಂಜೆಯ ವೇಳೆ ವಾಚನಾಲಯಕ್ಕೆ ಬಂದರೆ ಕೂಡಿ ಕುಳಿತು ಓದೋಣ.